ಸೂರು ಡಿಕ್ಕಿಯಲ್ಲಿ, ಬಾಳೆಗೊನೆ ಮಡಿಲಲ್ಲಿ: ಕೊಡಗಿನಲ್ಲಿ ಎರಡು ದಿನ ಬಿಎಂಡಬ್ಲ್ಯೂ ಝೆಡ್4

ಈ ಕಾರನ್ನು ನಾನು ಮೊದಲು ಓಡಿಸಿದ್ದು ಕೀಬೋರ್ಡಿನಲ್ಲಿ. 2010ರಲ್ಲಿ ಬಂದ ನೀಡ್ ಫಾರ್ ಸ್ಪೀಡ್ ಹಾಟ್ ಪರ್ಸ್ಯೂಟ್ ಅನ್ನುವ ಕಂಪ್ಯೂಟರ್ ಆಟದಲ್ಲಿ ಎರಡು ಸೀಟಿನ, ಸೂರು ತೆರೆಯುವ ಈ ಝೆಡ್4 ಇತ್ತು. ಮಳೆಗಾಲದಲ್ಲಿ ಕರೆಂಟ್ ಇದ್ದಷ್ಟು ಹೊತ್ತು ಅದೇ ಕೆಲಸ, ಹೋದ ಮೇಲೂ ಯುಪಿಎಸ್ ಕೂಗಿಕೊಳ್ಳುವವರೆಗೆ ಅದೇ. ಪೊಲೀಸರು ಹಿಂದೆ ಬೀಳುತ್ತಾರೆ, ಮೊಳೆಪಟ್ಟಿ ಹಾಸುತ್ತಾರೆ, ಮೇಲೆ ಹೆಲಿಕಾಪ್ಟರ್ ಬೇರೆ. ತಿರುವಿನಲ್ಲಿ ಬ್ರೇಕ್ ಸುಮ್ನೆ ಮುಟ್ಟಿ ಬಿಟ್ಟರೆ ಸಾಕು, ಕಾರು ಅಡ್ಡಡ್ಡ ಜಾರಿಕೊಂಡು ತಾನೇ ದಾರಿ ಹುಡುಕಿಕೊಳ್ಳುತ್ತಿತ್ತು. ಹಾಗಾಗಿ ಭಾವ ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ಝೆಡ್4 ತಗೊಂಡು ಮಾರ್ಚ್‌ನಲ್ಲಿ ಊರಿಗೆ ಬಂದಾಗ ನನಗೆ ಕಲಿಯೋದು ಏನೂ ಇಲ್ಲ ಅಂದುಕೊಂಡಿದ್ದೆ.

ಭಾವನದು ಎಸ್‌ಡ್ರೈವ್ 35ಐ ಮಾದರಿ. ಆಟದಲ್ಲಿದ್ದದ್ದು ಇದರ ಅಣ್ಣ, 35ಐಎಸ್. ಎರಡರಲ್ಲೂ ಮೂರು ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್, ಎರಡು ಟರ್ಬೊ. ಅಣ್ಣನಿಗೆ 340 ಕುದುರೆ ಶಕ್ತಿ, ಇದಕ್ಕೆ 306. ಆ 34 ಕುದುರೆ ಎಲ್ಲಿ ಕಮ್ಮಿಯಾಯಿತು ಅಂತ ಮೂರ್ನಾಡು–ವಿರಾಜಪೇಟೆ ರಸ್ತೆಯಲ್ಲಿ ಯಾರಿಗೂ ಗೊತ್ತಾಗಲ್ಲ ಬಿಡಿ. ಸೊನ್ನೆಯಿಂದ ನೂರಕ್ಕೆ ಐದು ಸೆಕೆಂಡ್ ಚಿಲ್ಲರೆ. ನಮ್ಮಲ್ಲಿ ನೂರಕ್ಕೆ ಹೋಗೋಕೆ ಜಾಗ ಎಲ್ಲಿದೆ? ಬೇಕಾಗೋದು ಕೆಳಗಿನ ಎಳೆತ, ಅದು ಇದರಲ್ಲಿ ಧಾರಾಳವಾಗಿದೆ. ಎಂಜಿನ್ ನಿಮಿಷಕ್ಕೆ 1,300 ಸುತ್ತಿಗೆ ಬರುವಷ್ಟರಲ್ಲೇ 400 ನ್ಯೂಟನ್ ಮೀಟರ್ ಎಳೆತ ಸಿಗುತ್ತದೆ. ಸುಂಟಿಕೊಪ್ಪ ದಾಟಿ ಮಡಿಕೇರಿ ಕಡೆ ಏರುವಾಗ, ಮುಂದಿನ ಲಾರಿ ಕೈ ತೋರಿಸಿ ಜಾಗ ಕೊಟ್ಟ ಕೂಡಲೇ ಕಾಲು ಒತ್ತಿದರೆ ಲಾರಿ ಕನ್ನಡಿಯಲ್ಲಿ ಚಿಕ್ಕದಾಗಿಬಿಡುತ್ತದೆ. ಆ ಆರು ಸಿಲಿಂಡರಿನ ಸದ್ದು ಮಾತ್ರ ಆಟದ ಸ್ಪೀಕರಿನಲ್ಲಿ ಬಂದದ್ದಕ್ಕಿಂತ ಎಷ್ಟೋ ಚಂದ.

ಕೂರುವ ಜಾಗಕ್ಕೆ ಹೊಂದಿಕೊಳ್ಳಲು ಅರ್ಧ ದಿನ ಬೇಕಾಯಿತು. ಬಾನೆಟ್ ಉದ್ದ, ನಾವು ಕೂರೋದು ಹೆಚ್ಚುಕಮ್ಮಿ ಹಿಂದಿನ ಚಕ್ರದ ಮೇಲೆ. ತಿರುವಿನಲ್ಲಿ ಮೊದಲು ಮೂತಿ ತಿರುಗಿ ಆಗುತ್ತದೆ, ಆಮೇಲೆ ನಮ್ಮ ಸರದಿ. ಎದುರಿಂದ ಬಸ್ ಬರ್ತಾ ಇದೆಯಾ ಅಂತ ನಾವು ನೋಡುವ ಹೊತ್ತಿಗೆ ಬಸ್ಸಿನ ಡ್ರೈವರ್ ನಮ್ಮ ಮೂತಿ ನೋಡಿ ಮುಗಿಸಿರುತ್ತಾನೆ. ಈ ಮೈಕಟ್ಟನ್ನು ರೂಪಿಸಿದ್ದು ಯೂಲಿಯಾನೆ ಬ್ಲಾಸಿ, ಒಳಗಿನದ್ದು ನಾದ್ಯಾ ಅರ್ನೌಟ್, ಇಬ್ಬರೂ ಹೆಂಗಸರು. ಅಕ್ಕನಿಗೆ ಇದನ್ನು ಹೇಳಿದ ಮೇಲೆ ಕಾರಿನ ಬಗ್ಗೆ ಅವಳ ಸಿಟ್ಟು ಸ್ವಲ್ಪ ಇಳಿಯಿತು, ದುಡ್ಡಿನ ಬಗ್ಗೆ ಇಳಿಯಲಿಲ್ಲ.

ಹಂಪುಗಳ ಕಥೆ ಬೇಡ. ಎಲ್ಲವನ್ನೂ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಬೇಕು. ಹಿಂದಿನ ಜೀಪಿನವರು ಹಾರ್ನ್ ಹೊಡೆಯದೆ ನಕ್ಕರು, ಅದೇ ಜಾಸ್ತಿ ನೋವು.

ಈಗ ಸೂರು. ಇದರ ಹಿಂದಿನ ತಲೆಮಾರಿನ ಝೆಡ್4ಗೆ ಬಟ್ಟೆಯ ಸೂರಿತ್ತು. 2009ರಲ್ಲಿ ಬಂದ ಈ ತಲೆಮಾರಿಗೆ ಅಲ್ಯೂಮಿನಿಯಂ ಸೂರು, ಎರಡು ತುಂಡು. ಗುಂಡಿ ಒತ್ತಿದರೆ 20 ಸೆಕೆಂಡಿನಲ್ಲಿ ಮಡಚಿಕೊಂಡು ಡಿಕ್ಕಿ ಸೇರುತ್ತದೆ. 2018ರಲ್ಲಿ ತೋರಿಸಿದ ಮುಂದಿನ ಝೆಡ್4ನಲ್ಲಿ ಮತ್ತೆ ಬಟ್ಟೆಗೇ ಹೋದರು. ಅದು 10 ಸೆಕೆಂಡಿನಲ್ಲಿ ತೆರೆಯುತ್ತದೆ, ಗಂಟೆಗೆ 50 ಕಿಲೋಮೀಟರ್‌ವರೆಗೆ ಓಡ್ತಾ ಇರುವಾಗಲೂ ತೆರೆಯಬಹುದು, ಡಿಕ್ಕಿ ಜಾಗವನ್ನೂ ತಿನ್ನುವುದಿಲ್ಲ. ಕಾಗದದ ಮೇಲೆ ಅದೇ ಜಾಣತನ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುವ ಊರು ನಮ್ಮದು. ಇಲ್ಲಿ ನಾನಂತೂ ಲೋಹದ ಸೂರಿಗೇ ಓಟು ಹಾಕುವವನು. ಹಾಟ್ ಪರ್ಸ್ಯೂಟ್‌ನಲ್ಲೇ ಇದ್ದ ಪೋರ್ಷೆ ಬಾಕ್ಸ್‌ಸ್ಟರ್ ಸ್ಪೈಡರ್ ಇನ್ನೂ ಒಂದು ಹೆಜ್ಜೆ ಮುಂದೆ, ಅದರ ಬಟ್ಟೆಯನ್ನು ಇಳಿದು ಕೈಯಲ್ಲೇ ಕಟ್ಟಬೇಕು. ಜುಲೈನಲ್ಲಿ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ಅದನ್ನು ಕಟ್ಟುತ್ತಾ ನಿಂತವರನ್ನು ಊಹಿಸಿಕೊಳ್ಳಿ.

ಲೋಹದ ಸೂರಿಗೆ ಕೊಡಬೇಕಾದ ಬೆಲೆ ಗೊತ್ತಾಗಿದ್ದು ಗೋಣಿಕೊಪ್ಪದ ಚಿಕ್ಕಮ್ಮನ ಮನೆಯಲ್ಲಿ. ಸೂರು ಮುಚ್ಚಿದ್ದಾಗ ಡಿಕ್ಕಿ 310 ಲೀಟರ್, ತೆರೆದರೆ 180. ಒಳಗೆ ಒಂದು ಅಡ್ಡಪರದೆ ಇದೆ, ಅದು ಜಾಗದಲ್ಲಿ ಸರಿಯಾಗಿ ಕೂತಿದ್ದರೆ ಮಾತ್ರ ಸೂರು ತೆರೆಯುತ್ತದೆ. ಚಿಕ್ಕಮ್ಮ ಬರಿಗೈಯಲ್ಲಿ ಕಳಿಸುವವರಲ್ಲ. ಒಂದು ನೇಂದ್ರ ಗೊನೆ, ಎರಡು ಕಿಲೋ ಕಾಳುಮೆಣಸು, ಮೇಲೆ ಅಕ್ಕನಿಗೆ ಅಂತ ಒಂದು ಉಪ್ಪಿನಕಾಯಿ ಭರಣಿ. ಗೊನೆ ಮಲಗಿಸಿದರೆ ಪರದೆ ಕೂರಲ್ಲ, ನಿಲ್ಲಿಸಿದರೆ ಡಿಕ್ಕಿ ಮುಚ್ಚಲ್ಲ. ಹಿಂದಿನ ಸೀಟಂತೂ ಇಲ್ಲ.

"ಸೂರು ಮುಚ್ಚಿಕೊಂಡೇ ಹೋಗೋಣ ಭಾವ" ಅಂದೆ.

"ಇಷ್ಟು ದುಡ್ಡು ಹಾಕಿದ್ದು ಮುಚ್ಚಿಕೊಂಡು ಹೋಗೋಕಾ ಮಾರಾಯ? ಮಡಿಲಲ್ಲಿ ಇಟ್ಕೋ."

ಇಟ್ಟುಕೊಂಡೆ. ಪ್ಯಾಂಟಿಗೆ ಬಾಳೆಕಾಯಿಯ ಕಲೆ ಹಿಡಿಯಿತು, ಇನ್ನೂ ಹೋಗಿಲ್ಲ.

ಆದರೂ ಅವರು ಹೇಳಿದ್ದೇ ಸರಿ. ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡುವಂತೆ ಮಾಡುವ ಮಳೆ, ಬಿದ್ದು ಎಂಟೋ ಒಂಬತ್ತೋ ದಿನ ಆಗಿತ್ತು. ಗೋಣಿಕೊಪ್ಪದಿಂದ ಅಮ್ಮತ್ತಿ, ಅಲ್ಲಿಂದ ಸಿದ್ದಾಪುರದ ಕಡೆ, ಎರಡೂ ಬದಿ ರೊಬಸ್ಟಾ ಕಾಫಿ ತೋಟ ಪೂರ್ತಿ ಬೆಳ್ಳಗೆ. ಹುಟ್ಟಿದಾಗಿನಿಂದ ನೋಡಿದ ಹೂವೇ. ಜೀಪಿನಲ್ಲಿ ಹೋಗುವಾಗ ಡೀಸೆಲ್ ವಾಸನೆಯ ನಡುವೆ ಆಗಾಗ ಒಂದು ಅಲೆ ಬಂದು ಹೋಗುತ್ತದೆ, ಅಷ್ಟೇ. ಇದರಲ್ಲಿ ಕೂತಿರೋದು ತೀರಾ ತಗ್ಗಿನಲ್ಲಿ, ಗಿಡದ ಕೆಳಗಿನ ಕೊಂಬೆಗಳ ಮಟ್ಟಕ್ಕೆ, ಮೇಲೆ ಏನೂ ಇಲ್ಲ. ಗಂಟೆಗೆ 40ರಲ್ಲಿ ಹೋಗುತ್ತಾ ಇದ್ದರೆ ತೋಟ ಮುಗಿಯುವವರೆಗೂ ಆ ಘಮ ಮೂಗು ಬಿಡುವುದಿಲ್ಲ. ಸಿಲ್ವರ್ ಓಕ್ ಮರಗಳ ನೆರಳು ಒಂದೊಂದಾಗಿ ಮುಖದ ಮೇಲೆ ಹಾದು ಹೋಗುತ್ತದೆ, ನೆರಳಿಗೊಮ್ಮೆ ತಣ್ಣಗೆ, ಬಿಸಿಲಿಗೊಮ್ಮೆ ಬೆಚ್ಚಗೆ. 306 ಕುದುರೆಯ ಕಾರನ್ನು ನಾವಿಬ್ಬರೂ ಎತ್ತಿನ ಗಾಡಿಯ ಹಾಗೆ ಓಡಿಸಿದೆವು, ಒಂದು ಸಲವೂ ಬೇಜಾರಾಗಲಿಲ್ಲ.

ಸಂಜೆಯಾಗುತ್ತಾ ಬಂತು. ಆ ಕಡೆ ಕತ್ತಲಾದ ಮೇಲೆ ಬೈಕಿನವರೂ ಯೋಚಿಸಿ ಹೊರಡುತ್ತಾರೆ, ಆನೆ ಕಾಟ. ಬಲಗಡೆ ತೋಟದೊಳಗೆ ಏನೋ ಮುರಿದ ಸದ್ದು ಕೇಳಿಸಿತು. ಭಾವ ಗಾಡಿ ನಿಲ್ಲಿಸಿ ಸೂರಿನ ಗುಂಡಿ ಒತ್ತಿದರು. 20 ಸೆಕೆಂಡ್ ಅಂದರೆ ಎಷ್ಟು ಉದ್ದ ಅಂತ ಆ ಹೊತ್ತು ಗೊತ್ತಾಯಿತು. ಡಿಕ್ಕಿ ನಿಧಾನಕ್ಕೆ ಬಾಯಿ ತೆರೆಯಿತು, ಸೂರು ನಿಧಾನಕ್ಕೆ ಎದ್ದಿತು, ನಿಧಾನಕ್ಕೆ ಬಿಚ್ಚಿಕೊಂಡಿತು, ನಾನು ಗೊನೆ ತಬ್ಬಿಕೊಂಡು ಕೂತಿದ್ದೆ. ಆನೆಗೆ ಬಾಳೆ ಅಂದರೆ ಎಷ್ಟು ಇಷ್ಟ ಅಂತ ಭಾವ ಅದೇ ಹೊತ್ತಿಗೆ ನೆನಪಿಸಬೇಕಾ? ಕೊನೆಗೆ ಏನೂ ಬರಲಿಲ್ಲ.

ಮಾರನೇ ದಿನ ನನ್ನ ಕೈಗೆ ಕೊಟ್ಟರು. ಸ್ಟೀರಿಂಗ್ ನನಗೆ ಅಷ್ಟು ಹಿಡಿಸಲಿಲ್ಲ. ಹಗುರ, ಚಕ್ರದ ಕೆಳಗೆ ಏನಾಗ್ತಾ ಇದೆ ಅಂತ ಕೈಗೆ ಸರಿಯಾಗಿ ಹೇಳುವುದಿಲ್ಲ, ನನ್ನ ಹಳೇ ಕೀಬೋರ್ಡ್ ನೆನಪಾಯಿತು. ನಾರ್ಮಲ್, ಸ್ಪೋರ್ಟ್, ಸ್ಪೋರ್ಟ್ ಪ್ಲಸ್ ಅಂತ ಓಡಿಸುವ ಬಗೆ ಮೂರು ಇದೆ. ಸ್ಪೋರ್ಟ್‌ನಲ್ಲಿ ಸ್ವಲ್ಪ ಬಿಗಿಯಾಗುತ್ತದೆ. ನಮ್ಮ ರಸ್ತೆಗೆ ನಾರ್ಮಲ್ ಸಾಕು, ಸೊಂಟಕ್ಕೂ ಅದೇ ಒಳ್ಳೇದು. ಒಂದು ಕಡೆ ಮರದಡಿ ರಾತ್ರಿ ಮಳೆಗೆ ನೆನೆದ ಎಲೆ ಬಿದ್ದಿತ್ತು, ಎಳೆಯುವುದು ಹಿಂದಿನ ಚಕ್ರ ಮಾತ್ರ, ಹಿಂಭಾಗ ಒಂದು ಗೇಣು ಆ ಕಡೆ ಹೋಯಿತು. ಡ್ಯಾಶ್‌ಬೋರ್ಡಿನಲ್ಲಿ ದೀಪ ಮಿನುಗಿತು, ಕಾರು ತಾನೇ ಸರಿಯಾಯಿತು. ಆಟದಲ್ಲಿ ಹಾಗೆ ಜಾರಿದರೆ ಖುಷಿ. ಇಲ್ಲಿ ನನ್ನ ಬಾಯಿ ಒಣಗಿತು. ಭಾವ ಏನೂ ಹೇಳದೆ ಸೀಟ್ ಬೆಲ್ಟ್ ಒಮ್ಮೆ ಎಳೆದು ನೋಡಿಕೊಂಡರು.

ಮೊಳೆಪಟ್ಟಿ ಮಾತ್ರ ಆಟದಲ್ಲಿ ಇದ್ದ ಹಾಗೇ ಸಿಕ್ಕಿತು. ಕುಶಾಲನಗರಕ್ಕೆ ಸ್ವಲ್ಪ ಮೊದಲು ಹಿಂದಿನ ಟೈರಿಗೆ ಮೊಳೆ. ಇದರಲ್ಲಿ ಸ್ಟೆಪ್ನಿ ಇರುವುದಿಲ್ಲ, ರನ್‌ಫ್ಲಾಟ್ ಟೈರು. ಗಾಳಿ ಹೋದರೂ ಗಂಟೆಗೆ 80 ಮೀರದ ಹಾಗೆ ಸುಮಾರು 80 ಕಿಲೋಮೀಟರ್ ಹೋಗಬಹುದು ಅನ್ನುವುದು ಲೆಕ್ಕ. ಟೈರ್ ಅಂಗಡಿಯವರು ಈ ಸೈಜ್ ಇಲ್ಲ, ಮೈಸೂರಲ್ಲಿ ಕೇಳಿ ಅಂದರು. ಮೈಸೂರು ಅಲ್ಲಿಂದ 80ಕ್ಕಿಂತ ಸ್ವಲ್ಪ ಜಾಸ್ತಿಯೇ. ಕೊನೆಗೆ ರಸ್ತೆ ಬದಿಯ ಪಂಕ್ಚರ್ ಅಂಗಡಿ ಹುಡುಗ ಟೈರಿನ ಗಟ್ಟಿ ಪಕ್ಕವನ್ನು ಎರಡು ಸಲ ಗುದ್ದಿ ನೋಡಿ, ಮೊಳೆ ಕಿತ್ತು, ಪ್ಲಗ್ ಹಾಕಿ, ಇನ್ನೂರು ರೂಪಾಯಿ ತಗೊಂಡ.

ಯಾರಾದರೂ ಈ ತಲೆಮಾರಿನದು ಹುಡುಕುತ್ತಾ ಇದ್ದರೆ ಎರಡು ಮಾತು. 2016ಕ್ಕೆ ತಯಾರಿಕೆ ನಿಂತಿದೆ, ಸಿಗೋದೆಲ್ಲ ಹಳೇದೇ. ಸೂರನ್ನು ನಿಮ್ಮ ಕಣ್ಣೆದುರೇ ನಾಲ್ಕು ಸಲ ತೆರೆದು ಮುಚ್ಚಿಸಿ. ಆಮೇಲೆ ಬಗ್ಗಿ ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ, ಮೊದಲ ಎರಡು ಅಂಕಿ ಟೈರು ತಯಾರಾದ ವಾರ, ಕೊನೆಯ ಎರಡು ಅಂಕಿ ಅದರ ವರ್ಷ. ಇದನ್ನು ಆ ಹುಡುಗ ಪ್ಲಗ್ ಹಾಕುತ್ತಾ ಹೇಳಿಕೊಟ್ಟದ್ದು. ತಮ್ಮ ಕಾರಿನ ನಾಲ್ಕು ಅಂಕಿ ಓದಿದ ಮೇಲೆ ಭಾವ ಬೈಲುಕುಪ್ಪೆ ದಾಟುವವರೆಗೆ ಮಾತಾಡಲಿಲ್ಲ.