ಬೋಟ್ ಟ್ರೇಲರ್‌ನ ಎಲ್‌ಇಡಿ ಕಿಟ್: ದೀಪಕ್ಕೆ ದುಡ್ಡು ಕೊಡಿ, ವೈರಿಂಗ್ ನೀವೇ ಮಾಡಿಕೊಳ್ಳಿ

ಅಮೆರಿಕದ ಯಾವುದೇ ಬೋಟ್ ಅಂಗಡಿಯಲ್ಲಿ, ಆಟೋ ಪಾರ್ಟ್ಸ್ ಅಂಗಡಿಯಲ್ಲಿ ಟ್ರೇಲರ್ ಸಾಮಾನಿನ ಸಾಲಿಗೆ ಹೋದರೆ, ಕಾರಿನ ಹಿಂದೆ ಬೋಟ್ ಎಳೆಯುವ ಟ್ರೇಲರಿಗೆ ಹಾಕುವ ಎಲ್‌ಇಡಿ ದೀಪಗಳ ಈ ಡಬ್ಬಿ ಸಿಗುತ್ತದೆ. ಒಳಗೆ ಎರಡು ಚೌಕನೆಯ ಕೆಂಪು ದೀಪ, ಎರಡು ಅಂಬರ್ (ಕಿತ್ತಳೆ-ಹಳದಿ) ಸೈಡ್ ಮಾರ್ಕರ್, ಅಂದರೆ ಬದಿಯಿಂದ ಕಾಣುವ ಗುರುತುದೀಪ, ನಂಬರ್ ಪ್ಲೇಟಿನ ಬ್ರ್ಯಾಕೆಟ್, ನಾಲ್ಕು ಪಿನ್ನಿನ ಚಪ್ಪಟೆ ಪ್ಲಗ್ ಇರುವ ಉದ್ದನೆಯ ವೈರು, ಒಂದು ಪೊಟ್ಟಣದಲ್ಲಿ ನೀಲಿ ಪ್ಲಾಸ್ಟಿಕ್ ಕ್ಲಿಪ್ಪುಗಳು. ಡಬ್ಬಿಯ ಮೇಲೆ ‘ಸಬ್‌ಮರ್ಸಿಬಲ್’ (ನೀರಿನಲ್ಲಿ ಮುಳುಗಿಸಬಹುದಾದದ್ದು) ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಕಂಪನಿಗಳು ಹಲವು, ಆದರೆ ಒಳಗಿನ ಸರಕು ಬಹುಪಾಲು ಒಂದೇ. ಹಾಗಾಗಿ ಇದು ಒಂದು ಕಂಪನಿಯ ಕಿಟ್‌ನ ವಿಮರ್ಶೆಯಲ್ಲ, ಇಡೀ ಬಗೆಯದು.

ದೀಪಗಳ ಬಗ್ಗೆ ತಕರಾರಿಲ್ಲ. ಹಳೆಯ 1157 ಬಲ್ಬು ಬ್ರೇಕ್ ಒತ್ತಿದಾಗ ಎರಡು ಆಂಪಿಯರ್‌ಗೂ ಸ್ವಲ್ಪ ಹೆಚ್ಚು ಕರೆಂಟ್ ಎಳೆದು ಚೆನ್ನಾಗಿ ಕಾಯುತ್ತಿತ್ತು. ಬೋಟನ್ನು ನೀರಿಗೆ ಬಿಡುವ ಇಳಿಜಾರಿನಲ್ಲಿ (ರ‍್ಯಾಂಪ್) ಟ್ರೇಲರ್ ಹಿಂದಕ್ಕೆ ಇಳಿಸುವಾಗ ಬಿಸಿ ದೀಪ ತಣ್ಣೀರಿಗೆ ಮುಳುಗಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಸಂದಿಯಲ್ಲಿ ನೀರು ಎಳೆದುಕೊಳ್ಳುತ್ತದೆ. ಕೆಲವೊಮ್ಮೆ ಗಾಜೇ ಒಡೆಯುತ್ತದೆ. ಆಮೇಲೆ ಸಾಕೆಟ್ಟಿಗೆ ಹಸಿರು ಕಿಲುಬು. ಎಲ್‌ಇಡಿ ದೀಪ ಅಷ್ಟು ಕಾಯುವುದಿಲ್ಲ, ಸರ್ಕ್ಯೂಟನ್ನು ರಾಳದಲ್ಲಿ ಹುದುಗಿಸಿ ಮುಚ್ಚಿರುತ್ತಾರೆ, ಬದಲಿಸಬೇಕಾದ ಬಲ್ಬೇ ಇಲ್ಲ. ಈ ಒಂದು ಕಾರಣಕ್ಕೇ ಕಿಟ್ ಕೊಳ್ಳಬಹುದು.

ಕೊಳ್ಳುವ ಮೊದಲು ಟೇಪು ಹಿಡಿದು ಟ್ರೇಲರಿನ ಅಗಲ ಅಳೆಯಿರಿ. ಅಲ್ಲಿನ ಫೆಡರಲ್ ಸುರಕ್ಷತಾ ಮಾನದಂಡ 108ರಲ್ಲಿ ಗಡಿ 80 ಇಂಚು. ಲೆಕ್ಕಕ್ಕೆ ಬರುವುದು ಟ್ರೇಲರಿನ ಅತಿ ಅಗಲವಾದ ಭಾಗ, ಅಂದರೆ ಸಾಮಾನ್ಯವಾಗಿ ಚಕ್ರದ ಮೇಲಿನ ಒಂದು ಫೆಂಡರಿನ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿನವರೆಗೆ. ಮೇಲೆ ಕೂತ ಬೋಟಿನ ಅಗಲ ಲೆಕ್ಕಕ್ಕಿಲ್ಲ, ದೀಪಗಳ ಉಬ್ಬೂ ಇಲ್ಲ. 80 ಇಂಚು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಈ ಚಿಕ್ಕ ಕಿಟ್ ಒಂದೇ ಸಾಲದು. ಹಿಂದೆ ನಡುಮಧ್ಯೆ ಮೂರು ಕೆಂಪು ಗುರುತುದೀಪ ಬೇಕು, ಒಂದರಿಂದ ಒಂದಕ್ಕೆ 6ರಿಂದ 12 ಇಂಚು ಅಂತರದಲ್ಲಿ. ಅಗಲ ತೋರಿಸುವ ಕ್ಲಿಯರೆನ್ಸ್ ದೀಪಗಳೂ ಬೇಕು. ಇಲ್ಲಿ ಬೋಟ್ ಟ್ರೇಲರ್‌ಗೆಂದೇ ಒಂದು ರಿಯಾಯಿತಿ ಇದೆ: ಮುಂದೆ ಒಂದು ಜೊತೆ, ಹಿಂದೆ ಒಂದು ಜೊತೆ ಹಾಕುವ ಬದಲು ಎರಡೂ ಬದಿಯ ಮಧ್ಯಭಾಗದಲ್ಲಿ, ಮುಂದಕ್ಕೆ ಅಂಬರ್, ಹಿಂದಕ್ಕೆ ಕೆಂಪು ಕಾಣುವಂತೆ ಒಂದೊಂದು ದೀಪ ಹಾಕಿದರೆ ಸಾಕು. ಫೆಂಡರಿನ ಮೇಲೆ ಎರಡು ಬಣ್ಣದ ದೀಪ ಕಾಣುವುದು ಇದಕ್ಕೇ. ಮೂತಿಯಿಂದ (ಕಾರಿಗೆ ಜೋಡಿಸುವ ಮುಂತುದಿ) ಹಿಂಬದಿಯವರೆಗೆ ಉದ್ದ 30 ಅಡಿ ಮುಟ್ಟಿದರೆ ಪ್ರತಿ ಬದಿಯ ನಡುವೆ ಇನ್ನೊಂದು ಅಂಬರ್ ಮಾರ್ಕರ್ ಮತ್ತು ರಿಫ್ಲೆಕ್ಟರ್ ಸೇರುತ್ತದೆ.

ಲೆನ್ಸಿನ ಮೇಲಿನ ಸಣ್ಣ ಅಕ್ಷರಗಳನ್ನು ಅಂಗಡಿಯಲ್ಲೇ ಓದಿ. ಎಸ್‌ಎಇ (ವಾಹನ ಎಂಜಿನಿಯರುಗಳ ಮಾನದಂಡ ಸಂಸ್ಥೆ) ಸಾಲಿನಲ್ಲಿ ‘ಎ’ ಎಂದರೆ ರಿಫ್ಲೆಕ್ಟರ್, ‘ಐ’ ತಿರುವಿನ ಸೂಚನೆ, ‘ಎಸ್’ ಬ್ರೇಕ್, ‘ಟಿ’ ಹಿಂದೀಪ, ‘ಪಿ2’ ಸೈಡ್ ಮಾರ್ಕರ್. ದೊಡ್ಡ ದೀಪದಲ್ಲಿ ಇವು ಐದೂ ಇರಬೇಕು. ಅಗ್ಗದ ಅಂಬರ್ ಮಾರ್ಕರ್‌ಗಳಲ್ಲಿ ‘ಎ’ ಇರದಿರುವುದುಂಟು. ಆಗ ಪಕ್ಕದಲ್ಲಿ ಪ್ರತ್ಯೇಕ ಅಂಬರ್ ರಿಫ್ಲೆಕ್ಟರ್ ಅಂಟಿಸಲೇಬೇಕು. ‘ಡಿಒಟಿ’ (ಅಮೆರಿಕದ ಸಾರಿಗೆ ಇಲಾಖೆ) ಮುದ್ರೆ ಸರ್ಕಾರ ಪರೀಕ್ಷಿಸಿ ಕೊಟ್ಟದ್ದಲ್ಲ, ಮಾನದಂಡಕ್ಕೆ ಹೊಂದುತ್ತದೆ ಎಂದು ತಯಾರಕರೇ ಕೊಡುವ ಮಾತು. ಆ ಮುದ್ರೆಯೂ ಇಲ್ಲದ ದೀಪವನ್ನು ಆನ್‌ಲೈನ್‌ನಲ್ಲಿ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಇನ್ನು ವೈರಿಂಗ್. ಕಿಟ್ ಸೋಲುವುದು ಇಲ್ಲೇ. ಬಣ್ಣಗಳು ಸರಳ: ಬಿಳಿ ಗ್ರೌಂಡ್ (ಕರೆಂಟ್ ವಾಪಸು ಹೋಗುವ ದಾರಿ), ಕಂದು ಹಿಂದೀಪ ಮತ್ತು ಮಾರ್ಕರ್, ಹಳದಿ ಎಡದ ತಿರುವು ಹಾಗೂ ಬ್ರೇಕ್, ಹಸಿರು ಬಲದ ತಿರುವು ಹಾಗೂ ಬ್ರೇಕ್. ತೊಂದರೆ ಬಿಳಿಯದು. ಕಿಟ್‌ನ ಬಿಳಿ ವೈರು ಮೂತಿಯ ಹತ್ತಿರವೇ ಮುಗಿಯುತ್ತದೆ. ಅದನ್ನು ಫ್ರೇಮಿಗೆ ಸ್ಕ್ರೂ ಹಾಕಿ ಬಿಡಿ, ದೀಪಗಳು ತಮ್ಮ ಬೋಲ್ಟಿನ ಮೂಲಕ ಫ್ರೇಮಿನಿಂದ ಗ್ರೌಂಡ್ ಪಡೆಯುತ್ತವೆ ಎಂಬ ಲೆಕ್ಕ. ಉಪ್ಪುನೀರಿಗೆ ಇಳಿಯುವ ಟ್ರೇಲರಿನಲ್ಲಿ ಈ ಲೆಕ್ಕ ಹೆಚ್ಚು ದಿನ ನಿಲ್ಲುವುದಿಲ್ಲ. ಬೋಲ್ಟಿನ ಕೆಳಗೆ ತುಕ್ಕು ಕೂರುತ್ತದೆ, ಅಲ್ಯೂಮಿನಿಯಂ ಫ್ರೇಮಿನ ಜೋಡಣೆಗಳಲ್ಲಿ ಆಕ್ಸೈಡ್ ಪದರ ಕಟ್ಟುತ್ತದೆ, ಮಡಚುವ ಮೂತಿಯಿದ್ದರೆ ಗ್ರೌಂಡ್ ಒಂದು ಕೀಲನ್ನು ದಾಟಿ ಬರಬೇಕಾಗುತ್ತದೆ. ಆಗ ದೀಪ ಮಿಣುಕುತ್ತದೆ, ಗುಂಡಿ ಹಾರಿದಾಗ ಆರುತ್ತದೆ, ಕಾರಿಗೂ ಟ್ರೇಲರಿಗೂ ಕೊಂಡಿಯಾದ ಬಾಲ್ ಹಿಚ್ ಅಲುಗಿದಾಗ ಮತ್ತೆ ಹತ್ತುತ್ತದೆ. ಕೆಟ್ಟದ್ದು ದೀಪವೆಂದು ಹೊಸದು ತರುವವರೇ ಜಾಸ್ತಿ.

ಪರಿಹಾರಕ್ಕೆ ಬೇಕಾದದ್ದು 16 ಗೇಜಿನ ತವರ ಲೇಪಿತ ತಾಮ್ರದ ಬಿಳಿ ವೈರು. ಪ್ಲಗ್‌ನ ಬಿಳಿಯಿಂದ ಹೊರಟು ಎರಡೂ ದೀಪ, ಎರಡೂ ಮಾರ್ಕರ್‌ಗಳ ಗ್ರೌಂಡಿಗೆ ನೇರವಾಗಿ ಮುಟ್ಟಿಸಿ. ದೀಪಕ್ಕೆ ಬಿಳಿ ವೈರು ಇಲ್ಲದಿದ್ದರೆ ಬೋಲ್ಟಿಗೆ ರಿಂಗ್ ಟರ್ಮಿನಲ್ ಹಾಕಿ, ನಟ್ ಬಿಗಿ ಮಾಡಿ. ಫ್ರೇಮಿಗೂ ಒಂದು ಕಡೆ ಜೋಡಿಸಿಡಬಹುದು, ಆದರೆ ಅದನ್ನು ನಂಬಿ ಕೂರಬೇಡಿ.

ಪೊಟ್ಟಣದ ನೀಲಿ ಕ್ಲಿಪ್ಪುಗಳನ್ನು ಕಸದ ಬುಟ್ಟಿಗೆ ಹಾಕಿ. ಅವು ವೈರಿನ ಪ್ಲಾಸ್ಟಿಕ್ ಸೀಳಿ ತಾಮ್ರವನ್ನು ಕಚ್ಚುತ್ತವೆ, ಆ ಸೀಳಿನಿಂದಲೇ ನೀರು ಒಳಗಿಳಿದು ತಾಮ್ರ ಪುಡಿಯಾಗುತ್ತದೆ. ಬದಲಿಗೆ ಒಳಗೆ ಅಂಟಿರುವ ಹೀಟ್ ಶ್ರಿಂಕ್ ಬಟ್ ಕನೆಕ್ಟರ್ ತನ್ನಿ, ಅಂದರೆ ಎರಡು ವೈರಿನ ತುದಿಗಳನ್ನು ಸೇರಿಸುವ, ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ. ಮೊದಲು ಇಕ್ಕಳದಿಂದ ಒತ್ತಿ ಕ್ರಿಂಪ್ ಮಾಡಿ, ಎಳೆದು ನೋಡಿ, ಆಮೇಲೆ ಎರಡೂ ತುದಿಯಲ್ಲಿ ಅಂಟು ಹೊರಗೆ ಇಣುಕುವವರೆಗೆ ಬಿಸಿ ಕೊಡಿ. ಅಂಟು ಕಾಣದಿದ್ದರೆ ಸೀಲ್ ಆಗಿಲ್ಲ.

ಹಳೆಯ ವೈರನ್ನು ಕಿತ್ತು ಬಿಸಾಡುವ ಮುನ್ನ ಅದರ ತುದಿಗೆ ಹೊಸದನ್ನು ಕಟ್ಟಿ ಎಳೆದರೆ ಫ್ರೇಮಿನ ಕೊಳವೆಯೊಳಗೆ ಸಲೀಸಾಗಿ ಬರುತ್ತದೆ. ಕೊಳವೆಯ ಪ್ರತಿ ತೂತಿಗೂ ವೈರು ಉಜ್ಜದಂತೆ ರಬ್ಬರ್ ಗ್ರಾಮೆಟ್ (ಬಳೆ) ಬೇಕು. ಮೂತಿಯಲ್ಲಿ ತಿರುವಿಗೆ ಸಾಕಾಗುವಷ್ಟು ಸಡಿಲ ಬಿಡಿ, ರಸ್ತೆಗೆ ಉಜ್ಜುವಷ್ಟಲ್ಲ.

ಎಡದ ದೀಪವನ್ನು ಎಡಕ್ಕೇ ಹಾಕಿ. ಅದರ ಕೆಳಗಿನ ಬಿಳಿ ಕಿಟಕಿ ನಂಬರ್ ಪ್ಲೇಟಿಗೆ ಬೆಳಕು ಕೊಡುತ್ತದೆ. ದೀಪ ಅದಲುಬದಲಾದರೆ ಪ್ಲೇಟು ಕತ್ತಲೆಯಲ್ಲಿ, ಪೊಲೀಸರು ಗಾಡಿ ನಿಲ್ಲಿಸಲು ಅಷ್ಟೇ ಸಾಕು. ಎತ್ತರ ನೆಲದಿಂದ 15ರಿಂದ 72 ಇಂಚಿನ ನಡುವೆ ಇರಬೇಕು. ದೀಪ ನೀರಿಗೇ ಇಳಿಯದಿರಲೆಂದು, ಬೋಟಿಗೆ ದಾರಿ ತೋರಿಸುವ ಗೈಡ್ ಕಂಬದ ತುದಿಗೆ ಏರಿಸುವವರು ಈ ಮೇಲಿನ ಮಿತಿ ನೆನಪಿಡಿ, ಹಿಂಬದಿಯ ಕೆಂಪು ರಿಫ್ಲೆಕ್ಟರ್‌ಗೆ ಮಿತಿ ಇನ್ನೂ ಕಡಿಮೆ, 60 ಇಂಚು. ಕೆಳಗಿನ ದೀಪಗಳನ್ನು ಹಾಗೇ ಉಳಿಸಿ, ಕಂಬದ ದೀಪವನ್ನು ಹೆಚ್ಚುವರಿಯಾಗಿ ಹಾಕುವುದು ಒಳ್ಳೆಯದು. ಎಲ್‌ಇಡಿ ಎಳೆಯುವ ಕರೆಂಟ್ ಅಷ್ಟು ಕಡಿಮೆ ಇರುವುದರಿಂದ ಕಾರಿನ ಸರ್ಕ್ಯೂಟಿಗೆ ಅದು ಹೊರೆಯಲ್ಲ.

ಅದೇ ಕಡಿಮೆ ಕರೆಂಟಿನಿಂದ ಒಂದು ಕಿರಿಕಿರಿಯೂ ಇದೆ. ಕೆಲವು ಹೊಸ ಕಾರುಗಳು ಟ್ರೇಲರ್ ಜೋಡಿಸಿರುವುದನ್ನೇ ಗುರುತಿಸುವುದಿಲ್ಲ. ದೀಪ ಸರಿಯಾಗಿ ಹತ್ತುತ್ತಿದ್ದರೂ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ಬರಬಹುದು. ಕಾರಿನಲ್ಲಿ ಬ್ರೇಕ್ ಕೆಂಪು, ತಿರುವು ಅಂಬರ್ ಎಂದು ಬೇರೆ ಬೇರೆ ಇದ್ದರೆ ಎರಡನ್ನೂ ಒಂದೇ ವೈರಿಗೆ ಸೇರಿಸುವ ಕನ್ವರ್ಟರ್ ಬೇಕು. ಫ್ಯೂಸ್ ಹಾಕಿ ನೇರ ಬ್ಯಾಟರಿಯಿಂದ ಕರೆಂಟ್ ಪಡೆಯುವ ಬಗೆಯದನ್ನೇ ಆರಿಸಿ.

ಸಬ್‌ಮರ್ಸಿಬಲ್ ಆದರೂ ನೀರಿಗಿಳಿಸುವ ಮೊದಲು ಪ್ಲಗ್ ಕಳಚಿ. ದೀಪ ತಡೆದುಕೊಳ್ಳುತ್ತದೆ, ಆದರೆ ಸೀಲ್ ಸಡಿಲಾದ ಜಾಯಿಂಟಿನಲ್ಲಿ ಕರೆಂಟ್ ಹರಿಯುತ್ತಿದ್ದರೆ ಉಪ್ಪುನೀರು ತಾಮ್ರವನ್ನು ಬೇಗ ತಿನ್ನುತ್ತದೆ. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ಪ್ಲಗ್ ಒಣಗಿಸಿ, ಪಿನ್ನುಗಳಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ.

ಸರ್ಜ್ ಡಿಸ್ಕ್ ಬ್ರೇಕ್ (ಕಾರು ನಿಧಾನವಾದಾಗ ಟ್ರೇಲರ್ ಮುಂದಕ್ಕೆ ತಳ್ಳುವ ಒತ್ತಡದಿಂದ ಹಿಡಿಯುವ ಬ್ರೇಕ್) ಇರುವ ಟ್ರೇಲರಿಗೆ ಈ ನಾಲ್ಕು ಪಿನ್ನಿನ ಕಿಟ್‌ನ ವೈರು ಬೇಡ. ಹಿಂದಕ್ಕೆ ತೆಗೆಯುವಾಗ ಬ್ರೇಕ್ ಹಿಡಿಯದಂತೆ ತಡೆಯುವ ಸೊಲೆನಾಯ್ಡ್‌ಗೆ (ಕರೆಂಟಿನಿಂದ ಕೆಲಸ ಮಾಡುವ ಕವಾಟ) ಕಾರಿನ ರಿವರ್ಸ್ ದೀಪದಿಂದ ಐದನೆಯ, ನೀಲಿ ವೈರು ಬರಬೇಕು. ಅಂಥವರು ದೀಪಗಳನ್ನು ಬಿಡಿಯಾಗಿ ಕೊಂಡು ಐದು ಪಿನ್ನಿನ ಹಾರ್ನೆಸ್ (ವೈರಿನ ಕಟ್ಟು) ಬೇರೆ ತರಿಸಿಕೊಳ್ಳಿ.