ಕೈಕೆಲಸದ ಪೈಪಿಗೆ ಮೈಕ್ರೋ-ಮೆಶ್: ಕಡ್ಡಿಗೆ ಧಾರಾಳ, ಮರಕ್ಕೆ ಬೇಡ

ಒಂಬತ್ತು ಪ್ಯಾಡುಗಳ ಮೈಕ್ರೋ-ಮೆಶ್ ಸೆಟ್ಟನ್ನು (ಉಜ್ಜಿ ಹೊಳಪು ಕೊಡುವ ಮೆತ್ತನೆ ಸ್ಯಾಂಡಿಂಗ್ ಪ್ಯಾಡುಗಳು) ತಂಬಾಕಿನ ಪೈಪಿಗೆಂದು ಕೊಳ್ಳುವವರಿಗೆ ಸಾಮಾನ್ಯವಾಗಿ ಒಂದೇ ಆಸೆ: ಹಳೆಯದು ಹೊಸದರಂತೆ ಕಾಣಬೇಕು. ಸೆಟ್ ನಿಜಕ್ಕೂ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೈಯಲ್ಲಿ ಮಾಡಿದ ಬ್ರೈಯರ್ ಮರದ ಪೈಪ್ ಉಳಿಯುವುದೋ ಕೆಡುವುದೋ ಎಂಬುದು ಅದನ್ನು ಎಲ್ಲಿಗೆ ಮುಟ್ಟಿಸುತ್ತೀರಿ ಎಂಬುದರ ಮೇಲಿದೆ.

ಸೆಟ್ಟಿನಲ್ಲಿ 1500, 1800, 2400, 3200, 3600, 4000, 6000, 8000, 12000 ನಂಬರಿನ ಪ್ಯಾಡುಗಳಿರುತ್ತವೆ. ಮೊದಲ ಎಡವಟ್ಟು ಆಗುವುದು ಈ ನಂಬರಿನಲ್ಲೇ. ಇಲ್ಲಿಯ 1500 ಹಾರ್ಡ್‌ವೇರ್ ಅಂಗಡಿಯ 1500 ಸ್ಯಾಂಡ್‌ಪೇಪರಿಗೆ ಸಮವಲ್ಲ. ಅದು ಹೆಚ್ಚುಕಡಿಮೆ ಅಂಗಡಿಯ 400ರಷ್ಟು ಒರಟು. ‘ಇಷ್ಟು ನುಣುಪಾದದ್ದು ಏನು ಕೆರೆದೀತು’ ಎಂದುಕೊಂಡು ಮರದ ಮೇಲೆ ನಾಲ್ಕು ಸಲ ಎಳೆದರೆ ಬಣ್ಣ ಹೋಗಿಯೇ ಹೋಗುತ್ತದೆ.

ಬಾಯಲ್ಲಿಡುವ ಕಪ್ಪು ಕಡ್ಡಿಗೆ, ಅಂದರೆ ಸ್ಟೆಮ್ಮಿಗೆ, ಇದಕ್ಕಿಂತ ಒಳ್ಳೆಯ ಸಾಧನ ಸಿಗುವುದು ಕಷ್ಟ. ಹಳೆಯ ಪೈಪುಗಳ ಸ್ಟೆಮ್ ಬಹುಪಾಲು ಎಬೊನೈಟ್, ರಬ್ಬರಿಗೆ ಗಂಧಕ ಬೆರೆಸಿ ಬೇಯಿಸಿದ್ದು. ಎಬೊನೈಟ್ ಫೌಂಟನ್ ಪೆನ್ ಬಳಸಿದವರಿಗೆ ಇದರ ಗುಣ ಗೊತ್ತು. ಬೆಳಕು, ತೇವ ತಾಗುತ್ತಾ ಬಂದಂತೆ ಮೇಲ್ಮೈ ಹಸಿರು ಬೆರೆತ ಹಳದಿಗೆ, ಆಮೇಲೆ ಕಂದಿಗೆ ತಿರುಗುತ್ತದೆ. ನಾಲಿಗೆಗೆ ಗಂಧಕದ ರುಚಿ ಹತ್ತುತ್ತದೆ. ಬ್ಲೀಚಿನಲ್ಲಿ ನೆನೆಸಿದರೆ ಬಣ್ಣ ಬಿಡುತ್ತದೆ ನಿಜ, ಆದರೆ ಮೈಯೆಲ್ಲ ಸಣ್ಣ ಗುಳಿ ಬೀಳುತ್ತದೆ. ಕೈಯಿಂದ ಉಜ್ಜುವುದೇ ಸರಿ.

ಪೈಪ್ ಪೂರ್ತಿ ತಣ್ಣಗಾದ ಮೇಲೆಯೇ ಸ್ಟೆಮ್ ತೆಗೆಯಿರಿ. ಬಿಸಿಯಿದ್ದಾಗ ತಿರುವಿದರೆ ಶ್ಯಾಂಕ್, ಅಂದರೆ ಸ್ಟೆಮ್ ಕೂರುವ ಮರದ ಕತ್ತು, ಸೀಳಬಹುದು. ಹಲ್ಲಿನ ಗುರುತುಗಳಿದ್ದರೆ ಲೈಟರಿನ ಜ್ವಾಲೆಯನ್ನು ಅದರ ಮೇಲೆ ನಿಲ್ಲಿಸದೆ ಆಚೀಚೆ ಆಡಿಸಿ. ಎಬೊನೈಟಿಗೆ ತನ್ನ ಮೊದಲಿನ ಆಕಾರಕ್ಕೆ ಮರಳುವ ಗುಣವಿದೆ, ಅರ್ಧ ತಗ್ಗು ತಾನೇ ಮೇಲೇಳುತ್ತದೆ. ನಂತರ 1500, 1800, 2400 ಪ್ಯಾಡುಗಳನ್ನು ನೀರಿನಲ್ಲಿ ಅದ್ದಿ ಉಜ್ಜಿ, ಒಂದನ್ನು ಉದ್ದಕ್ಕೆ, ಮುಂದಿನದನ್ನು ಅಡ್ಡಕ್ಕೆ. ಹೀಗೆ ಮಾಡಿದರೆ ಹಿಂದಿನ ಪ್ಯಾಡಿನ ಗೀರು ಉಳಿದಿದೆಯೇ ಎಂಬುದು ಕಣ್ಣಿಗೆ ಬೀಳುತ್ತದೆ. 2400 ಆದ ಮೇಲೆ ಒರೆಸಿ, ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ. ಬಿಳಿ ಗೀರು ಕಂಡರೆ 1500ಕ್ಕೇ ವಾಪಸ್ ಹೋಗಬೇಕು. ಮುಂದಿನ ಆರು ಪ್ಯಾಡುಗಳಿಗೆ ಹೊಳಪು ಕೊಡುವುದಷ್ಟೇ ಗೊತ್ತು, ಆಳದ ಗೀರನ್ನು ಅವು ತೆಗೆಯಲಾರವು.

ಸ್ಟೆಮ್ ಮರಕ್ಕೆ ಕೂಡುವ ಅಂಚಿನಲ್ಲಿ ಎಚ್ಚರ ಬೇಕು. ಬಿಡಿಯಾಗಿ ಹಿಡಿದು ಉಜ್ಜಿದರೆ ಆ ಅಂಚು ದುಂಡಗಾಗಿ, ಜೋಡಿಸಿದಾಗ ಬೆರಳಿಗೆ ಸಂದು ಸಿಗುತ್ತದೆ. ಶ್ಯಾಂಕಿಗೆ ಟೇಪ್ ಸುತ್ತಿ, ಸ್ಟೆಮ್ಮನ್ನು ಅದರಲ್ಲಿ ಕೂರಿಸಿಯೇ ಆ ಭಾಗವನ್ನು ಉಜ್ಜಿ.

ಇನ್ನು ಮರ. ಬ್ರೈಯರ್ ಎಂದರೆ ಮೆಡಿಟರೇನಿಯನ್ ತೀರದ ಎರಿಕಾ ಆರ್ಬೋರಿಯಾ ಗಿಡದ ಬೇರಿನ ಗಂಟು. ಎಳೆ ಯಾವ ಕಡೆ ಹರಿಯಬೇಕು, ಹಕ್ಕಿಗಣ್ಣಿನಂಥ ಚುಕ್ಕಿ ಎಲ್ಲಿ ಬರಬೇಕು ಎಂದು ನೋಡಿಯೇ ಕೈಕೆಲಸದವರು ಅದನ್ನು ಕೆತ್ತುತ್ತಾರೆ. ಎಷ್ಟೋ ಪೈಪುಗಳಿಗೆ ಬಣ್ಣ ಎರಡು ಪದರ: ಮೊದಲು ಗಾಢ ಬಣ್ಣ ಬಳಿದು ಉಜ್ಜುತ್ತಾರೆ, ಮೆತ್ತನೆ ಎಳೆಯಲ್ಲಿ ಮಾತ್ರ ಅದು ಉಳಿಯುತ್ತದೆ, ಅದರ ಮೇಲೆ ತಿಳಿ ಬಣ್ಣ. ನೀವು ಉಜ್ಜಿದರೆ ಮೂಲೆ, ಅಂಚುಗಳಲ್ಲಿ ಮೊದಲು ತೇಪೆ ಕಾಣುತ್ತದೆ. ಲೆದರ್ ಡೈ ಬಳಿದು ಮುಚ್ಚಬಹುದು, ಆದರೆ ಆ ಮೊದಲಿನ ಛಾಯೆ ಮತ್ತೆ ಬರುವುದಿಲ್ಲ.

ಶ್ಯಾಂಕಿನ ಮೇಲೆ ಒತ್ತಿದ ತಯಾರಕರ ಅಚ್ಚು ಇನ್ನೂ ಸೂಕ್ಷ್ಮ. ಹೆಸರಾಂತ ಇಂಗ್ಲಿಷ್ ಕಂಪನಿ ಡನ್‌ಹಿಲ್‌ನ ಪೈಪ್ ಯಾವ ವರ್ಷದ್ದು ಎಂದು ಹೇಳುವುದು ಅಲ್ಲಿರುವ ಪುಟ್ಟ ಅಂಕಿ. ಒಂದು ಸಲ ಅಕ್ಷರದ ಅಂಚು ಮಸುಕಾದರೆ ಪೈಪಿನ ಗುರುತೂ ಬೆಲೆಯೂ ಒಟ್ಟಿಗೇ ಹೋಗುತ್ತವೆ. ಮರಳು ಊದಿ ಒರಟು ಮಾಡಿದ ಮೈಯ ಮೇಲಂತೂ ಪ್ಯಾಡ್ ಇಡಲೇಬೇಡಿ. ಏಣುಗಳ ತುದಿ ಚಪ್ಪಟೆಯಾಗಿ ಬೆಳ್ಳಗಾಗುತ್ತದೆ.

ಮರಕ್ಕೆ ಒದ್ದೆ ಬಟ್ಟೆ, ಆಮೇಲೆ ಮೇಣ, ಅಷ್ಟು ಸಾಕು. ಪೈಪಿಗೆ ಹಚ್ಚುವ ಗಟ್ಟಿ ಕಾರ್ನೌಬಾ ಮೇಣ ಕರಗುವುದು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಾಗಿ ಗಟ್ಟಿ ಉಂಡೆಯನ್ನು ಕೈಯಲ್ಲಿ ತಿಕ್ಕಿದರೆ ಹತ್ತುವುದಿಲ್ಲ, ತಿರುಗುವ ಬಟ್ಟೆಚಕ್ರ ಬೇಕು. ಚಕ್ರವಿಲ್ಲದವರು ಪೇಸ್ಟ್ ರೂಪದ ಮೇಣ ತೆಗೆದುಕೊಳ್ಳಲಿ. ಐಸೊಪ್ರೊಪೈಲ್ ಆಲ್ಕೋಹಾಲ್ ಒಳಗಿನ ಕೊಳವೆಗೆ ಮಾತ್ರ, ಹೊರಗೆ ಚೆಲ್ಲಿದರೆ ಬಣ್ಣ ಕರಗುತ್ತದೆ. ತಂಬಾಕು ತುಂಬುವ ಬಟ್ಟಲಿನ ಒಳಗೋಡೆಯ ಮಸಿಪದರವನ್ನು ಪೂರ್ತಿ ಕೆರೆಯದೆ ಒಂದರಿಂದ ಒಂದೂವರೆ ಮಿಲಿಮೀಟರ್ ಉಳಿಸಿ. ಅದಕ್ಕಿಂತ ದಪ್ಪ ಬೆಳೆದರೆ ಬಿಸಿಗೆ ಹಿಗ್ಗಿ ಮರವನ್ನು ಸೀಳಬಹುದು.

ರಿಮ್, ಅಂದರೆ ಬಟ್ಟಲಿನ ಬಾಯಿಯ ಅಂಚು, ಸುಟ್ಟು ಕಪ್ಪಾಗಿದೆ ಎಂದು 220 ನಂಬರಿನ ಸ್ಯಾಂಡ್‌ಪೇಪರಿನ ಮೇಲೆ ಬೋರಲಾಗಿಟ್ಟು ತಿರುಗಿಸುವ ಪದ್ಧತಿಯಿದೆ. ಕಾರ್ಖಾನೆ ಪೈಪಿಗೆ ನಡೆದೀತು. ಕೈಕೆಲಸದ್ದರಲ್ಲಿ ಅರ್ಧ ಮಿಲಿಮೀಟರ್ ಹೋದರೂ ಮಾಡಿದವರು ಕೊಟ್ಟ ಒಳ ಇಳಿಜಾರು ಹೋಗುತ್ತದೆ, ಬಟ್ಟಲಿನ ಅಂದ ಕೆಡುತ್ತದೆ.

ಹೊಗೆ ಬಿಗಿಯಾಗಿ ಬರುತ್ತದೆಂದು ರಂಧ್ರವನ್ನು 3.5ರಿಂದ 4 ಮಿಲಿಮೀಟರಿಗೆ ಕೊರೆಯುವುದು ಎಲ್ಲಕ್ಕಿಂತ ಅಪಾಯದ ಬದಲಾವಣೆ. ಡ್ರಿಲ್ ಬಿಟ್ ಮೆತ್ತನೆ ಎಳೆಯ ಕಡೆ ಜಾರಿದರೆ ರಂಧ್ರ ಬಟ್ಟಲಿನ ತಳದಿಂದ ತಪ್ಪುತ್ತದೆ. ಶ್ಯಾಂಕಿನೊಳಗೆ ಕೂರುವ ಸ್ಟೆಮ್ಮಿನ ಗೂಟವನ್ನು ಕೊರೆದರೆ ಗೋಡೆ ತೆಳುವಾಗಿ ಮುರಿಯುತ್ತದೆ. ಬಿಗಿತಕ್ಕೆ ಎಷ್ಟೋ ಸಲ ಕಾರಣ ಒಳಗೆ ಕಟ್ಟಿದ ಜಿಡ್ಡು. ಗಡಸು ಕೂದಲಿನ ಪೈಪ್ ಕ್ಲೀನರಿಗೆ ಆಲ್ಕೋಹಾಲ್ ಹಚ್ಚಿ, ಅದು ಬಿಳಿಯಾಗಿ ಹೊರಬರುವ ತನಕ ಎಳೆಯಿರಿ. ಆಮೇಲೂ ಬಿಗಿಯಿದ್ದರೆ ಮಾಡಿದವರಿಗೇ ಕಳಿಸಿ.

ಮರವನ್ನು ಉಜ್ಜಲೇಬೇಕಾದ ಸಂದರ್ಭ ಒಂದಿದೆ: ಹಿಂದಿನ ಮಾಲೀಕರು ದಪ್ಪ ವಾರ್ನಿಶ್ ಬಳಿದು, ಬಿಸಿಗೆ ಅದು ಗುಳ್ಳೆ ಎದ್ದು ಸಿಪ್ಪೆಯಾಗುತ್ತಿದ್ದರೆ. ಆಗಲೂ ಅಚ್ಚಿಗೆ ಟೇಪ್ ಅಂಟಿಸಿ, 3200ರಿಂದ ಶುರುಮಾಡಿ. ಸ್ಟೆಮ್ ತೂತು ಬೀಳುವಷ್ಟು ಕಚ್ಚಿಹೋಗಿದ್ದರೆ ಹೊಸದು ಮಾಡಿಸಬಹುದು, ಹಳೆಯದನ್ನು ಮಾತ್ರ ಎಸೆಯದೆ ಪೈಪಿನ ಜೊತೆ ಅದೇ ಡಬ್ಬಿಯಲ್ಲಿಡಿ.