ಆಲೆಮನೆಯೊಳಗೆ ಕ್ಯಾಮೆರಾ: ಮೈಸೂರಿನ ಒಂದು ಕಿರುಚಿತ್ರ ಶಿಬಿರದ ಬಗ್ಗೆ

ಮಂಡ್ಯದ ಪದವಿ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನಾನು, ಕಳೆದ ಚಳಿಗಾಲದಲ್ಲಿ ನಮ್ಮ ಆರು ವಿದ್ಯಾರ್ಥಿಗಳನ್ನು ಮೈಸೂರಿನ ಖಾಸಗಿ ತರಬೇತಿ ಕೇಂದ್ರವೊಂದು ನಡೆಸಿದ ಕಿರುಚಿತ್ರ ಶಿಬಿರಕ್ಕೆ ಸೇರಿಸಿ, ಐದು ವಾರಾಂತ್ಯಗಳಲ್ಲೂ ಅವರ ಜೊತೆಗೇ ಇದ್ದೆ. ಮಕ್ಕಳನ್ನು ಇಂಥ ಶಿಬಿರಕ್ಕೆ ಕಳುಹಿಸಬೇಕೆಂದಿರುವ ಅಧ್ಯಾಪಕರಿಗೂ ಪೋಷಕರಿಗೂ ನಾನು ಕಂಡದ್ದು ಉಪಯೋಗಕ್ಕೆ ಬರಬಹುದು.

ಮೊದಲ ಬೆಳಿಗ್ಗೆಯೇ ಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟು ಕುಕ್ಕರಹಳ್ಳಿ ಕೆರೆಯ ಏರಿಗೆ ಕರೆದೊಯ್ದರು. ಸೆಕೆಂಡಿಗೆ 25 ಫ್ರೇಮ್, ಶಟರ್ ಸ್ಪೀಡ್ (ಪ್ರತಿ ಫ್ರೇಮಿಗೂ ಶಟರ್ ತೆರೆದಿರುವ ಹೊತ್ತು) ಸೆಕೆಂಡಿನ 1/50 ಎಂದು ನಿಗದಿ ಮಾಡಿ, ಹಿನ್ನೆಲೆ ಮಸುಕಾಗಲೆಂದು ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯಾದ ಅಪರ್ಚರನ್ನು ಎಫ್ 2.8ಕ್ಕೆ, ಅಂದರೆ ಅಗಲವಾಗಿ, ತೆರೆದಾಗ, ಬಿಸಿಲಿನಲ್ಲಿ ನೀರೂ ಆಕಾಶವೂ ಬೆಳ್ಳಗೆ ಸುಟ್ಟುಹೋದವು. ಶಟರಿನ ವೇಗ ಹೆಚ್ಚಿಸಿದರೆ ನಡೆಯುವವರ ಚಲನೆ ಕಡಿದು ಕಡಿದು ಕಾಣುತ್ತದೆ, ಅಪರ್ಚರ್ ಮುಚ್ಚಿದರೆ ಹಿನ್ನೆಲೆ ಮತ್ತೆ ಸ್ಪಷ್ಟವಾಗುತ್ತದೆ ಎಂಬುದನ್ನು ತಾವೇ ಕಂಡುಕೊಂಡ ಮೇಲೆಯೇ, ಲೆನ್ಸಿನ ಮುಂದೆ ಬೆಳಕನ್ನು ಮಾತ್ರ ತಗ್ಗಿಸುವ ಎನ್‌ಡಿ ಫಿಲ್ಟರ್ ಎಂಬ ಕಪ್ಪು ಗಾಜನ್ನು ಹಾಕಿ ತೋರಿಸಿದರು. ಮಧ್ಯಾಹ್ನ ಟ್ಯೂಬ್‌ಲೈಟ್ ಇದ್ದ ಕೋಣೆಯಲ್ಲಿ ಒಬ್ಬಳು ಶಟರನ್ನು 1/80ಕ್ಕೆ ಬದಲಿಸಿದಾಗ ಚಿತ್ರದಲ್ಲಿ ಪಟ್ಟೆಗಳು ಹರಿದಾಡತೊಡಗಿದವು. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಅಂಥ ದೀಪ ಸೆಕೆಂಡಿಗೆ 100 ಬಾರಿ ಮಿನುಗುತ್ತದೆಂದೂ, 1/50 ಅಥವಾ 1/100 ಇಟ್ಟರೆ ಪಟ್ಟೆ ಮಾಯವಾಗುತ್ತದೆಂದೂ ಆಗ ವಿವರಿಸಿದರು. ತಪ್ಪಾದ ಮೇಲೆ ಕಾರಣ ಹೇಳುವ ಈ ಕ್ರಮ ನನಗೆ ಬಹಳ ಮೆಚ್ಚುಗೆಯಾಯಿತು.

ಶಿಬಿರದ ನಿಜವಾದ ಬೆಲೆ ತಿಳಿದದ್ದು ಮೂರನೆಯ ವಾರ, ಮಂಡ್ಯದ ಹತ್ತಿರದ ಒಂದು ಆಲೆಮನೆಯಲ್ಲಿ. ನಿರ್ದೇಶನ, ಕ್ಯಾಮೆರಾ, ಫೋಕಸ್, ಶಬ್ದ, ಕ್ಲಾಪ್, ದೃಶ್ಯಗಳ ಹೊಂದಾಣಿಕೆ ಬರೆದಿಡುವುದು ಎಂದು ಆರು ಕೆಲಸಗಳನ್ನು ಆರು ಜನರಿಗೆ ಹಂಚಿ, ಪ್ರತಿದಿನ ಕೆಲಸ ಬದಲಾಗಬೇಕು ಎಂಬುದು ಶಿಬಿರದ ನಿಯಮ. ಒಳಗೆ ಒಲೆಯ ಬೆಂಕಿ ಬಿಟ್ಟರೆ ಹೆಚ್ಚು ಬೆಳಕಿಲ್ಲ, ಬಾಗಿಲಾಚೆ ಕಣ್ಣು ಕೋರೈಸುವ ಬಿಸಿಲು. ಬೆಳಕಿನ ಬಣ್ಣಕ್ಕೆ ಕ್ಯಾಮೆರಾವನ್ನು ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಟ್ಟಿದ್ದರಿಂದ ಒಂದು ಶಾಟಿನಲ್ಲಿ ಕೆಂಪಾಗಿದ್ದ ಮುಖ ಮುಂದಿನ ಶಾಟಿನಲ್ಲಿ ನೀಲಿಗೆ ತಿರುಗಿತ್ತು; ಅದನ್ನು 3200 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಎಂಬಲ್ಲಿಗೆ ಕಟ್ಟಿಹಾಕಿದ ಮೇಲೆ ಬೆಂಕಿಯ ಬಣ್ಣ ಎಲ್ಲ ಶಾಟುಗಳಲ್ಲೂ ಒಂದೇ ಆಯಿತು. ಆದರೆ ಕೊಪ್ಪರಿಗೆಯಲ್ಲಿ ಕುದಿಯುವ ಪಾಕ ಯಾರಿಗೂ ಕಾಯುವುದಿಲ್ಲ. ಹದ ಬಂದ ಗಳಿಗೆಯಲ್ಲೇ ಅದನ್ನು ಇಳಿಸಬೇಕು, ಆಮೇಲೆ ಇನ್ನೊಂದು ಟೇಕ್ ಬೇಕೆಂದರೆ ಮುಂದಿನ ಕೊಪ್ಪರಿಗೆ ಬೇಯುವ ತನಕ ಕಾಯಬೇಕು. ಮೊದಲ ಸಲ ಫೋಕಸ್ ಹಿಡಿಯಬೇಕಾದವನು ಹಬೆಗೆ ಮಂಜಾದ ಲೆನ್ಸನ್ನು ಒರೆಸುತ್ತ ನಿಂತಿದ್ದ, ಕ್ಯಾಮೆರಾ ಹಿಡಿದವಳು ಅವನಿಗೆ ಕಾಯದೆ ರೆಕಾರ್ಡಿಂಗ್ ಆರಂಭಿಸಿದಳು, ಇಡೀ ಶಾಟ್ ಮಸುಕಾಯಿತು. ಇಬ್ಬರೂ ಒಬ್ಬರನ್ನೊಬ್ಬರು ದೂರಿಕೊಂಡರು. ಎರಡನೆಯ ಸಲ, ಬೆಲ್ಲದ ಕೆಲಸದವರು ಕೂಗದೆಯೇ ಒಬ್ಬರ ಕೈ ನೋಡಿ ಇನ್ನೊಬ್ಬರು ಹೆಜ್ಜೆ ಇಡುವುದನ್ನು ಗಮನಿಸಿ, ನಮ್ಮವರು ತಮ್ಮಲ್ಲೂ ಕೈಸನ್ನೆಗಳನ್ನು ಗೊತ್ತುಮಾಡಿಕೊಂಡರು; ಆ ಶಾಟ್ ಚಿತ್ರದಲ್ಲಿ ಉಳಿದಿದೆ. ಹೊಂದಾಣಿಕೆ ಬರೆಯುತ್ತಿದ್ದ ಹುಡುಗಿ, ಕೆಲಸದವರೊಬ್ಬರ ಹೆಗಲ ಮೇಲಿದ್ದ ಟವೆಲ್ ಮುಂದಿನ ಶಾಟಿಗೆ ತಲೆಗೆ ಸುತ್ತಿಕೊಂಡಿದೆ ಎಂದು ಹಿಡಿದು ನಿಲ್ಲಿಸದಿದ್ದರೆ ಆ ದೃಶ್ಯವೂ ಕೆಡುತ್ತಿತ್ತು. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಅವಳು.

ಕೊರತೆಗಳನ್ನೂ ಹೇಳಬೇಕು. ನಾಲ್ಕು ತಂಡಗಳ ನಡುವೆ ಇದ್ದದ್ದು ಒಂದೇ ಬೂಮ್ ಮೈಕ್ (ಕೋಲಿನ ತುದಿಗೆ ಕಟ್ಟಿ ಮಾತನಾಡುವವರ ಹತ್ತಿರ ಹಿಡಿಯುವ ಮೈಕ್). ಆಲೆಮನೆಗೆ ಹೋದ ದಿನ ಅದು ನಮಗೆ ಸಿಗಲಿಲ್ಲ. ಕ್ಯಾಮೆರಾದ ಮೈಕಿನಲ್ಲಿ ಗಾಣದ ಸದ್ದು ಮಾತನ್ನೆಲ್ಲ ನುಂಗಿದ್ದರಿಂದ, ಮುದುಕರೊಬ್ಬರು ಪಾಕದ ಹದದ ಬಗ್ಗೆ ಹೇಳಿದ ಅಪರೂಪದ ಮಾತುಗಳನ್ನು ನಾವು ಕಳೆದುಕೊಂಡೆವು. ಇದು ನನ್ನನ್ನು ಈಗಲೂ ಬಾಧಿಸುತ್ತದೆ. ಸಂಕಲನಕ್ಕೆ ಎರಡೇ ದಿನ ಮೀಸಲಿಟ್ಟದ್ದು ಇನ್ನೊಂದು ತಪ್ಪು. ಕೊಪ್ಪರಿಗೆಯ ಆಚೀಚೆ ನಿಂತು ಮಾತನಾಡುವ ಇಬ್ಬರನ್ನು ಚಿತ್ರಿಸುವಾಗ ಅವರ ನಡುವಿನ ಕಾಲ್ಪನಿಕ ಗೆರೆಯನ್ನು ಕ್ಯಾಮೆರಾ ದಾಟಿದ್ದರಿಂದ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಿರುವಂತೆ ಕಾಣುತ್ತಿದ್ದರು, ಅದು ತಿಳಿದದ್ದು ಸಂಕಲನದ ಮೇಜಿನ ಮುಂದೆ, ಮತ್ತೆ ಚಿತ್ರೀಕರಿಸಲು ಸಮಯವಿಲ್ಲದಾಗ.

ಬೋಧಕರ ತಾಳ್ಮೆಯ ಬಗ್ಗೆಯಾಗಲಿ, ಪ್ರತಿ ಸಂಜೆ ಕಾರ್ಡಿನಲ್ಲಿರುವುದನ್ನು ಎರಡು ಬೇರೆ ಡಿಸ್ಕುಗಳಿಗೆ ನಕಲು ಮಾಡಿದ ಮೇಲೆಯೇ ಮನೆಗೆ ಬಿಡುತ್ತಿದ್ದ ಶಿಸ್ತಿನ ಬಗ್ಗೆಯಾಗಲಿ ನನ್ನ ತಕರಾರಿಲ್ಲ. ಮುಂದಿನ ವರ್ಷವೂ ಮಕ್ಕಳನ್ನು ಅಲ್ಲಿಗೇ ಕಳುಹಿಸುವವಳಿದ್ದೇನೆ. ಆದರೆ ಶುಲ್ಕ ಕಟ್ಟುವ ಮೊದಲು ತಂಡಕ್ಕೊಂದು ಮೈಕ್ ಇದೆಯೇ, ಸಂಕಲನಕ್ಕೆ ಇನ್ನೊಂದು ವಾರಾಂತ್ಯ ಕೊಡುತ್ತಾರೆಯೇ ಎಂದು ಕೇಳಿ, ಬರವಣಿಗೆಯಲ್ಲಿ ಪಡೆದುಕೊಳ್ಳುತ್ತೇನೆ.